ಗಾಲ್ವೇ ಮದುವೆಯ ಮೊದಲ ತಟ್ಟೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಅಕ್ಟೋಬರ್ ಕೊನೆಯ ಶನಿವಾರ ಐರ್ಲೆಂಡಿನ ಗಾಲ್ವೇಯಲ್ಲಿ ನಡೆಯಲಿರುವ ನಿನ್ನ ಮದುವೆಯಲ್ಲಿ ಊಟಕ್ಕೆ ಮುಂಚೆ ಹಂಚುವ ತಿನಿಸುಗಳನ್ನು ಆರಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದೀಯ. ಅಮೆರಿಕದಲ್ಲಿರುವ ನಿನ್ನ ಚಿಕ್ಕಪ್ಪನ ಮಗ ಕಳಿಸಿದ ಪಟ್ಟಿಯನ್ನು ಓದಿದೆ. ಹಸಿರು ಬಣ್ಣ ಬೆರೆಸಿದ ಚೀಸ್ ಉಂಡೆಗಳನ್ನೂ ಕಾರ್ನ್ಡ್ ಬೀಫ್ (ಉಪ್ಪಿನಲ್ಲಿಟ್ಟ ದನದ ಮಾಂಸ) ತುಣುಕುಗಳನ್ನೂ ಮೊದಲು ಹೊಡೆದುಹಾಕು. ಎಲೆಕೋಸಿನ ಜೊತೆಗಿನ ಕಾರ್ನ್ಡ್ ಬೀಫ್ ಅಮೆರಿಕಕ್ಕೆ ವಲಸೆ ಹೋದ ಐರಿಶರು ಅಲ್ಲಿ ರೂಢಿಸಿಕೊಂಡ ಊಟ. ಇಲ್ಲಿನವರು ಎಲೆಕೋಸಿನ ಜೊತೆ ತಿನ್ನುವುದು ಉಪ್ಪಿನಲ್ಲಿಟ್ಟ ಹಂದಿಮಾಂಸವನ್ನು. ಕಾರ್ನ್ಡ್ ಬೀಫನ್ನು ಗಾಲ್ವೇಯ ನಿನ್ನ ಅತ್ತೆಮನೆಯವರ ಮುಂದೆ ಐರಿಶ್ ಸಂಪ್ರದಾಯವೆಂದು ಇಟ್ಟರೆ ಅವರು ನಗುವುದಿಲ್ಲ, ಸಭ್ಯತೆಯಿಂದ ಸುಮ್ಮನಿರುತ್ತಾರೆ. ಅದು ಇನ್ನೂ ಕಷ್ಟ.

ಇಲ್ಲಿನ ಮದುವೆಯ ಕ್ರಮ ನಿನಗೆ ಗೊತ್ತು, ಊರಿಂದ ಬರುವವರಿಗೆ ಗೊತ್ತಿಲ್ಲ. ಚರ್ಚಿನ ವಿಧಿ ಮಧ್ಯಾಹ್ನದ ಹೊತ್ತಿಗೆ ನಡೆದು, ನೀವಿಬ್ಬರೂ ಛಾಯಾಚಿತ್ರಕ್ಕೆಂದು ಮಾಯವಾದ ಮೇಲೆ, ಐದು ಗಂಟೆಯ ಸುಮಾರಿಗೆ ಊಟಕ್ಕೆ ಕರೆಯುವವರೆಗೂ ಅತಿಥಿಗಳು ಲೋಟ ಹಿಡಿದು ನಿಂತೇ ಇರಬೇಕು. ತಾಳಿ ಕಟ್ಟಿದ ಕೂಡಲೇ ಎಲೆಯ ಮುಂದೆ ಕೂತು ಅಭ್ಯಾಸವಿರುವ ನಮ್ಮ ಹಿರಿಯರಿಗೆ ಈ ನಡುವಿನ ಹೊತ್ತು ದೊಡ್ಡ ಪರೀಕ್ಷೆ. ಹಾಗಾಗಿ ಈ ತಿನಿಸುಗಳು ಬರೀ ಅಲಂಕಾರವಾಗಬಾರದು, ಹಸಿವನ್ನು ತಡೆಯಬೇಕು. ಅಕ್ಟೋಬರಿನ ಚಳಿಯಲ್ಲಿ ಅವುಗಳಲ್ಲಿ ಅರ್ಧವಾದರೂ ಬಿಸಿಯಾಗಿರಬೇಕು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಸ್ಯಾಹಾರಿಗಳಿಗೆಂದು ಮೂಲೆಯಲ್ಲೊಂದು ಮೇಜು ಹಾಕಿ ಸಮೋಸಾ ಜೋಡಿಸುವುದು ಬೇಡ. ಈ ದೇಶದ ಬಡವರ ಅಡುಗೆ ಬಹುಕಾಲ ಆಲೂಗಡ್ಡೆ, ಓಟ್ಸ್, ಹಾಲು, ಮಜ್ಜಿಗೆ, ಬೆಣ್ಣೆಗಳ ಮೇಲೆಯೇ ನಿಂತಿತ್ತು. ಮಾಂಸವಿಲ್ಲದ ತಟ್ಟೆ ಇಲ್ಲಿ ಮಾಂಸದ ತಟ್ಟೆಗಿಂತ ಕಡಿಮೆ ಐರಿಶ್ ಅಲ್ಲ. ನಿನ್ನ ತಾಯಿ ಕೈಗೆತ್ತಿಕೊಳ್ಳುವುದನ್ನೇ ನಿನ್ನ ಅತ್ತೆಯೂ ಕೈಗೆತ್ತಿಕೊಳ್ಳುವಂತಿದ್ದರೆ ಇಬ್ಬರಿಗೂ ಮಾತಾಡಲು ಒಂದು ವಿಷಯವಾದರೂ ಸಿಗುತ್ತದೆ.

ಸೋಡಾ ಬ್ರೆಡ್ಡಿನಿಂದ ಆರಂಭಿಸೋಣ. ಐರ್ಲೆಂಡಿನ ತೇವದ ಹವೆಯಲ್ಲಿ ಬೆಳೆಯುವ ಮೆದು ಗೋಧಿಯಲ್ಲಿ ಅಂಟು ಕಡಿಮೆ. ಯೀಸ್ಟಿನಿಂದ ಎತ್ತರಕ್ಕೆ ಉಬ್ಬುವ ಬ್ರೆಡ್ಡಿಗೆ ಅದು ಸರಿಹೊಂದುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಡುಗೆ ಸೋಡಾ ಮನೆಮನೆಗೆ ಬಂದಾಗ, ಮಜ್ಜಿಗೆಯ ಹುಳಿ ಸೋಡಾದೊಡನೆ ಸೇರಿ ಹಿಟ್ಟನ್ನು ಉಬ್ಬಿಸುವ ಈ ವಿಧಾನ ನೆಲೆಯೂರಿತು. ಹಳೆಯ ಕ್ರಮದಲ್ಲಿ ಹಿಟ್ಟು, ಸೋಡಾ, ಉಪ್ಪು, ಮಜ್ಜಿಗೆ ಬಿಟ್ಟರೆ ಮತ್ತೇನೂ ಇಲ್ಲ, ಮೊಟ್ಟೆಯಂತೂ ಇಲ್ಲವೇ ಇಲ್ಲ. ಈ ಬ್ರೆಡ್ಡು ಬೇಗ ಒಣಗುವುದರಿಂದ ಅದೇ ದಿನ ಬೆಳಿಗ್ಗೆ ಬೇಯಿಸಿದ್ದೇ ಆಗಬೇಕೆಂದು ಹೋಟೆಲಿನವರಿಗೆ ಬರವಣಿಗೆಯಲ್ಲಿ ತಿಳಿಸು. ಅದರ ಮೇಲೆ ಉಪ್ಪು ಹಾಕಿದ ಹಳದಿ ಬೆಣ್ಣೆಯನ್ನು ಧಾರಾಳವಾಗಿ ಹಚ್ಚಬೇಕು. ಆ ಹಳದಿ ಹಸುಗಳು ಮೇಯುವ ಹಸಿ ಹುಲ್ಲಿನಿಂದ ಬಂದದ್ದು. ಅರ್ಧದಷ್ಟು ತುಂಡುಗಳ ಮೇಲೆ ಓಕ್ ಹೊಗೆಯಲ್ಲಿ ಹದಗೊಳಿಸಿದ ಸಾಲ್ಮನ್ ಮೀನು, ಉಳಿದರ್ಧದ ಮೇಲೆ ಬೇಯಿಸಿದ ಬೀಟ್‌ರೂಟ್ ಮತ್ತು ಮೇಕೆಹಾಲಿನ ಚೀಸ್ ಇರಲಿ. ಎರಡನ್ನೂ ಒಂದೇ ತಟ್ಟೆಯಲ್ಲಿ ಕಳಿಸಬಾರದು.

ಎರಡನೆಯದು ಬಾಕ್ಸ್‌ಟಿ. ಲೀಟ್ರಿಮ್, ಕ್ಯಾವನ್ ಕೌಂಟಿಗಳ ಕಡೆಯ ಈ ತಿನಿಸು ನಮ್ಮವರಿಗೆ ತಕ್ಷಣ ಹಿಡಿಸುತ್ತದೆಂಬ ನಂಬಿಕೆ ನನಗಿದೆ. ಹಸಿ ಆಲೂಗಡ್ಡೆಯನ್ನು ತುರಿದು, ಬಟ್ಟೆಯಲ್ಲಿ ಹಿಂಡಿ, ಬೇಯಿಸಿ ಹಿಸುಕಿದ ಆಲೂಗಡ್ಡೆ, ಹಿಟ್ಟು, ಮಜ್ಜಿಗೆಗಳೊಡನೆ ಕಲಸಿ ಕಾವಲಿಯ ಮೇಲೆ ಸುಡುತ್ತಾರೆ. ಅಂಚು ಗರಿಗರಿಯಾಗಿ ಒಳಗೆ ಮೆತ್ತಗಿದ್ದು, ನೋಡಲು ನಮ್ಮ ಸೆಟ್ ದೋಸೆಯ ಮರಿಯಂತಿರುತ್ತದೆ. ಕಾವಲಿಗೆ ಹಂದಿಕೊಬ್ಬು ಸವರುವ ಅಡುಗೆಮನೆಗಳಿವೆ, ಆದ್ದರಿಂದ ಬೆಣ್ಣೆಯನ್ನೇ ಬಳಸಬೇಕು, ಕಾವಲಿಯೂ ಬೇರೆಯಾಗಿರಬೇಕು. ಅದರ ಮೇಲೆ ಕ್ಯಾಶೆಲ್ ಬ್ಲೂ ಎಂಬ ನೀಲಿ ಬೂಸಿನ ಚೀಸಿನ ಚೂರು, ತೆಳ್ಳಗೆ ಹೆಚ್ಚಿದ ಸೇಬು, ಹುರಿದ ಹೇಜಲ್‌ನಟ್. ಟಿಪ್ಪರರಿಯ ಜೇನ್ ಮತ್ತು ಲೂಯಿ ಗ್ರಬ್ ದಂಪತಿ 1984ರಲ್ಲಿ ತಮ್ಮ ಹೊಲದ ಮನೆಯಲ್ಲಿ ಆರಂಭಿಸಿದ ಈ ಚೀಸಿನಲ್ಲಿ ಹಾಲು ಒಡೆಯಲು ಸಸ್ಯಾಹಾರಿ ರೆನೆಟ್ ಬಳಸುತ್ತಾರೆ. ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವ ಚೀಸುಗಳೂ ಇಲ್ಲಿ ಸಾಕಷ್ಟಿವೆ, ಹಾಗಾಗಿ ಮೇಕೆಚೀಸನ್ನೂ ವಿಚಾರಿಸಿಯೇ ಆರಿಸು. ನೀಲಿ ಬೂಸಿನ ವಾಸನೆಯನ್ನು ನಿನ್ನ ಅಜ್ಜಿ ಒಪ್ಪುವುದಿಲ್ಲ ಎಂಬುದೂ ನನಗೆ ಗೊತ್ತು. ಅವರಿಗಾಗಿ ಕೆಲವು ಬಾಕ್ಸ್‌ಟಿಗಳು ಬರೀ ಬೆಣ್ಣೆಯೊಡನೆ ಬರಲಿ.

ಮೂರನೆಯದು ಚಿಕ್ಕ ಲೋಟಗಳಲ್ಲಿ ಆಲೂಗಡ್ಡೆ ಮತ್ತು ಈರುಳ್ಳಿ ಜಾತಿಯ ಲೀಕ್ ಸೇರಿಸಿದ ಸೂಪು. ಇದರಲ್ಲಿ ಕೋಳಿಸಾರು ಗುಟ್ಟಾಗಿ ಸೇರಿಕೊಳ್ಳುವ ಸಂಭವ ಹೆಚ್ಚು, ಅದನ್ನು ಕೇಳಲೇಬೇಕು. ಕೇಲ್ ಸೊಪ್ಪು ಬೆರೆಸಿದ ಹಿಸುಕಿದ ಆಲೂಗಡ್ಡೆಯಾದ ಕೋಲ್‌ಕ್ಯಾನನ್ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ ಕಾಲದ ಅಡುಗೆಯಾದ್ದರಿಂದ ನಿನ್ನ ತಾರೀಖಿಗೆ ಸರಿಯಾಗಿ ಒಪ್ಪುತ್ತದೆ. ಉಂಡೆ ಕಟ್ಟಿ, ಮೊಟ್ಟೆಯ ಬದಲು ಹಿಟ್ಟಿನ ನೀರಿನಲ್ಲಿ ಅದ್ದಿ ಕರಿದರೆ ಸಾಕು. ಅದೇ ಹಬ್ಬದ ಬಾರ್ಮ್‌ಬ್ರ್ಯಾಕ್ ಎಂಬ ಒಣಹಣ್ಣಿನ ಬ್ರೆಡ್ಡಿನೊಳಗೆ ಉಂಗುರ ಅಡಗಿಸಿಡುವ, ಅದು ಸಿಕ್ಕವರಿಗೆ ಬೇಗ ಮದುವೆಯಾಗುತ್ತದೆಂದು ನಂಬುವ ಪದ್ಧತಿಯಿದೆ. ಅದನ್ನೂ ಚಿಕ್ಕ ಹೋಳುಗಳಾಗಿ ಇಡೋಣ, ಉಂಗುರವಿಲ್ಲದೆ: ಯಾರ ಹಲ್ಲೂ ಮುರಿಯಬಾರದು. ಅದಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದರಿಂದ ಫಲಕದಲ್ಲಿ ಬರೆಯಿಸು.

ಆಯ್ಸ್ಟರ್ ಎಂಬ ಸಮುದ್ರದ ಚಿಪ್ಪುಜೀವಿಯ ಬಗ್ಗೆ ನೀನು ಹಿಂಜರಿದಿದ್ದೀಯ, ಆದರೆ ಗಾಲ್ವೇಯಲ್ಲಿ ಮದುವೆಯಾಗಿ ಅದನ್ನು ಬಿಡುವುದು ಅನ್ಯಾಯ. ಇಲ್ಲಿನ ಚಪ್ಪಟೆ ಆಯ್ಸ್ಟರ್ ಬೇಸಿಗೆಯಲ್ಲಿ ಮರಿಮಾಡುವುದರಿಂದ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ ಅದರ ಕಾಲ. ನಿನ್ನ ತಾರೀಖು ಸರಿಯಾಗಿ ಅದರೊಳಗೇ ಬಿದ್ದಿದೆ. ಕೋಣೆಯ ಆಚೆ ತುದಿಯಲ್ಲಿ ಮಂಜುಗಡ್ಡೆಯ ಮೇಲೆ ಜೋಡಿಸಿ, ಒಬ್ಬರನ್ನು ಚಿಪ್ಪು ಬಿಡಿಸಲು ನಿಲ್ಲಿಸಿದರೆ ಬೇಕಾದವರು ಅಲ್ಲಿಗೇ ಹೋಗುತ್ತಾರೆ. ಜೊತೆಗೆ ಗಿನ್ನೆಸ್ ಎಂಬ ಕಪ್ಪು ಬಿಯರ್ ಇರಲೇಬೇಕು. ಮೀನು ಮುಟ್ಟದ, ಆದರೆ ಲೋಟ ಬಿಡದ ನಿನ್ನ ಸೋದರಮಾವನಿಗೆ ಒಂದು ಶುಭಸುದ್ದಿ ತಲುಪಿಸು: ಅದನ್ನು ತಿಳಿಗೊಳಿಸಲು ಹಿಂದೆ ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥವನ್ನು ಬಳಸುತ್ತಿದ್ದರು, ಕೆಲವು ವರ್ಷಗಳ ಹಿಂದೆಯೇ ಅದನ್ನು ಕೈಬಿಟ್ಟಿದ್ದಾರೆ. ಕುಡಿಯದವರಿಗೆ ಲವಂಗ ಹಾಕಿ ಬಿಸಿಮಾಡಿದ ಸೇಬಿನ ರಸ ಕೊಡೋಣ.

ಲೆಕ್ಕ ಹೀಗಿದೆ. ಅತಿಥಿಗಳು 120, ತಲೆಗೆ ಆರು ತುಂಡು ಎಂದರೆ 720. ಸಸ್ಯಾಹಾರಿಗಳು ಅರ್ಧದಷ್ಟಿದ್ದಾರೆಂದು ಅರ್ಧ ಮಾತ್ರ ಹೇಳಿದರೆ ಸಾಲುವುದಿಲ್ಲ, ಏಕೆಂದರೆ ಮಾಂಸ ತಿನ್ನುವವರು ಬಾಕ್ಸ್‌ಟಿಯನ್ನೂ ಬಿಡುವುದಿಲ್ಲ. ಆದ್ದರಿಂದ 480 ಸಸ್ಯಾಹಾರಿ, 240 ಮೀನಿನದ್ದು ಎಂದು ಬರೆದಿದ್ದೇನೆ. ಆಯ್ಸ್ಟರ್ ಇದರ ಹೊರಗಿನದು. ಹದಿನಾಲ್ಕು ಬಗೆಯ ಅಲರ್ಜಿಕಾರಕಗಳನ್ನು ಲಿಖಿತವಾಗಿ ತಿಳಿಸುವುದು ಇಲ್ಲಿ ಕಾನೂನಿನ ಕಡ್ಡಾಯ; ಆ ಪಟ್ಟಿಯಲ್ಲಿ ಮೊಟ್ಟೆ, ಮೀನು, ಬೀಜಗಳು ಇದ್ದರೂ ರೆನೆಟ್, ಹಂದಿಕೊಬ್ಬುಗಳ ಸುಳಿವು ಇರುವುದಿಲ್ಲವಾದ್ದರಿಂದ ಪ್ರತಿ ತಟ್ಟೆಯ ಪಕ್ಕಕ್ಕೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಫಲಕಗಳನ್ನು ನಾನೇ ಬರೆದು ಕಾರ್ಕ್ ನಗರದಿಂದ ತರುತ್ತೇನೆ.

ರಾತ್ರಿ ಕುಣಿತದ ನಡುವೆ ಕೊಡುವ ತಿಂಡಿಗೆ ನನ್ನದೊಂದೇ ಕೋರಿಕೆ: 1954ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಟೇಟೋ ಕಂಪನಿಯ ಚೀಸ್-ಈರುಳ್ಳಿ ಚಿಪ್ಸನ್ನು ಬೆಣ್ಣೆ ಹಚ್ಚಿದ ಬಿಳಿ ಬ್ರೆಡ್ಡಿನ ನಡುವೆ ಒತ್ತಿದ ಸ್ಯಾಂಡ್‌ವಿಚ್. ನಿನ್ನ ವಧುವಿನ ಅಣ್ಣಂದಿರು ಇದಕ್ಕೆ ಬೇಡವೆನ್ನುವುದಿಲ್ಲ.

ಹೋಟೆಲಿನ ಅಡುಗೆಯವರಿಗೆ ಈ ಪತ್ರದ ಸಾರಾಂಶವನ್ನು ಕಳಿಸುವ ಮುನ್ನ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು ಎಷ್ಟು ಮಂದಿ ಎಂದು ತಾಯಿಯನ್ನು ಕೇಳಿ ತಿಳಿಸು. ಲೀಕ್ ಕೂಡ ಅದೇ ಜಾತಿಯದಾದ್ದರಿಂದ ಅವರಿಗೆ ಸೂಪು ಬೇರೆ ಮಾಡಿಸಬೇಕಾಗುತ್ತದೆ.

ಇಂತಿ,
ನಿನ್ನ ಗೆಳೆಯ