ದಯವಿಟ್ಟು ‘ನಿರಪಾಯಕಾರಿ’ ಅಂತ ಬರೆಯಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಗೆಡ್ಡೆಗಳ ಬಗ್ಗೆ ಬಂದ ಬರಹ ಓದಿದೆ. ಗೆಡ್ಡೆಯಲ್ಲಿ ಎರಡು ಬಗೆ, ಒಂದು ಕ್ಯಾನ್ಸರ್, ಇನ್ನೊಂದು ‘ನಿರಪಾಯಕಾರಿ’ ಎಂದಿತ್ತು. ಬರಹ ಚೆನ್ನಾಗಿಯೇ ಇತ್ತು. ಆದರೆ ಆ ಎರಡನೇ ಪದ ನೋಡಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ನನ್ನ ಬೆನ್ನುಹುರಿಯಲ್ಲಿ ಬೆಳೆದದ್ದು ಆ ಎರಡನೇ ಬಗೆಯದು.

ನಾನು ತರೀಕೆರೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ವಯಸ್ಸು 47. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ.

ಶುರುವಾದದ್ದು 2019ರ ಮಳೆಗಾಲದಲ್ಲಿ. ತರಕಾರಿ ತಂದು ಮನೆಗೆ ಬಂದಾಗ ಮಗ ಕೇಳಿದ, ‘ಅಮ್ಮಾ, ಇನ್ನೊಂದು ಚಪ್ಪಲಿ ಎಲ್ಲಿ?’ ಕೆಳಗೆ ನೋಡಿದರೆ ಎಡಗಾಲು ಬರಿಗಾಲು, ಕೆಸರು ಮೆತ್ತಿದೆ. ಚಪ್ಪಲಿ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಇಬ್ಬರೂ ನಕ್ಕೆವು. ಆಮೇಲೆ ಹೊಟ್ಟೆಯ ಸುತ್ತ ಲಂಗದ ಲಾಡಿ ಬಿಗಿಯಾದ ಹಾಗೆ ಅನ್ನಿಸತೊಡಗಿತು. ಲಾಡಿ ಸಡಿಲ ಮಾಡಿದೆ. ಬಿಗಿ ಹೋಗಲಿಲ್ಲ. ಸೀರೆ ಬಿಟ್ಟು ನೈಟಿ ಹಾಕಿಕೊಂಡೆ. ಆಗಲೂ ಇತ್ತು. ಬೆನ್ನು ನೋವು ಹಗಲು ಹೇಗೋ ತಡೆದುಕೊಳ್ಳಬಹುದು, ರಾತ್ರಿ ಮಲಗಿದರೆ ಜಾಸ್ತಿ. ಎದ್ದು ಕೂತರೆ ಸ್ವಲ್ಪ ಕಮ್ಮಿ. ಎಷ್ಟೋ ರಾತ್ರಿ ಗೋಡೆಗೆ ಒರಗಿ ಕೂತು ಕಾಜಾ ಹೊಲಿದಿದ್ದೇನೆ.

ಟೈಲರ್‌ಗೆ ಬೆನ್ನು ನೋವು ಅಂದರೆ ಯಾರಿಗೂ ಅಚ್ಚರಿ ಇಲ್ಲ, ಅಲ್ವಾ? ಸೊಂಟದ ಎಂಆರ್‌ಐ ಆಯಿತು. ಡಿಸ್ಕ್ ಸ್ವಲ್ಪ ಉಬ್ಬಿದೆ ಅಂದರು. ಬೆಲ್ಟ್ ಕಟ್ಟಿದರು, ಟ್ರ್ಯಾಕ್ಷನ್ ಹಾಕಿದರು. ಅತ್ತೆ ಯಾರೋ ಹೇಳಿದರು ಅಂತ ಎಣ್ಣೆ ತಿಕ್ಕಿಸಿದರು. ಎರಡು ವರ್ಷ ಹೀಗೇ ಹೋಯಿತು. ನನ್ನ ವಯಸ್ಸಿನ ಎಷ್ಟೋ ಜನರಿಗೆ, ನೋವೇ ಇಲ್ಲದವರಿಗೂ, ಡಿಸ್ಕ್ ಹೀಗೆ ಉಬ್ಬಿರುತ್ತದೆ ಅಂತ ಆಮೇಲೆ ತಿಳಿಯಿತು.

ಕಂಡುಹಿಡಿದವರು ಶಿವಮೊಗ್ಗದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಸ್ಕ್ಯಾನ್ ನೋಡುವ ಮೊದಲು ಕಾಲು ನೋಡಿದರು. ಜೇಬಿನಿಂದ ಬೈಕಿನ ಕೀ ತೆಗೆದು ಅಂಗಾಲಿನ ಮೇಲೆ ಹಿಮ್ಮಡಿಯಿಂದ ಬೆರಳಿನ ಕಡೆಗೆ ಗೀರಿದರು. ಹೆಬ್ಬೆರಳು ಕೆಳಗೆ ಮಡಚುವ ಬದಲು ಮೇಲಕ್ಕೆದ್ದು ನಿಂತಿತು. ಆಮೇಲೆ ಪಾದ ಎರಡೂ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿ ಅಂದರು. ಮುಚ್ಚಿದೆ. ಬೀಳುವಷ್ಟರಲ್ಲಿ ಹಿಡಿದುಕೊಂಡರು. ‘ತೊಂದರೆ ಸೊಂಟದಲ್ಲಿಲ್ಲಮ್ಮ, ಅದಕ್ಕಿಂತ ಮೇಲೆ, ಬೆನ್ನುಹುರಿಯಲ್ಲೇ ಇದೆ’ ಅಂದರು. ಬೆನ್ನುಹುರಿ ಸೊಂಟದವರೆಗೆ ಪೂರ್ತಿ ಇಳಿಯುವುದೇ ಇಲ್ಲವಂತೆ. ಪಕ್ಕೆಲುಬು ಮುಗಿದು ಸ್ವಲ್ಪ ಕೆಳಗೆ, ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಅದರ ಕೆಳಗಿರುವುದು ಬರೀ ನರಗಳ ಕುಚ್ಚು. ನಾವು ಎರಡು ವರ್ಷ ಹುಡುಕಿದ್ದು ಆ ಕುಚ್ಚಿನಲ್ಲಿ.

ಹೊಸ ಸ್ಕ್ಯಾನಿನಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಅದು ಬೆಳ್ಳಗೆ ಬಲ್ಬ್ ಹೊತ್ತಿದ ಹಾಗೆ ಕಂಡಿತು. ಬೆನ್ನೆಲುಬಿನಲ್ಲಿ ಎದೆಭಾಗದ ಒಂಬತ್ತನೇ ಮೂಳೆಯ ಮಟ್ಟದಲ್ಲಿ, ಹುರಿಯ ಹಿಂಭಾಗದಲ್ಲಿ, ಹುಣಸೆ ಬೀಜದಷ್ಟು. ಅದರ ಮೇಲೆ ಕೆಳಗೆ ಹುರಿಯೊಳಗೆ ನೀರು ತುಂಬಿ ಉದ್ದಕ್ಕೆ ಟೊಳ್ಳಾಗಿತ್ತು. ಹೆಸರು ಹಿಮ್ಯಾಂಜಿಯೋಬ್ಲಾಸ್ಟೋಮಾ. ಹೇಳಲು ಕಲಿಯುವುದಕ್ಕೇ ನನಗೆ ಒಂದು ವಾರ ಬೇಕಾಯಿತು. ಬೆನ್ನುಹುರಿಯ ಗೆಡ್ಡೆಗಳೇ ಅಪರೂಪ, ಅದರಲ್ಲಿ ಇದು ಇನ್ನೂ ಅಪರೂಪ. ಸಣ್ಣ ರಕ್ತನಾಳಗಳು ಹೆಣೆದುಕೊಂಡ ಕೆಂಪು ಉಂಡೆ. ಕ್ಯಾನ್ಸರ್ ಅಲ್ಲ, ಹರಡುವುದಿಲ್ಲ. ನಿಜ ಹೇಳಬೇಕೆಂದರೆ ಆ ದಿನ ನಾನೂ ದೇವರಿಗೆ ಕೈ ಮುಗಿದೆ.

ಆದರೆ ಸಂಪಾದಕರೇ, ಅದು ಕೂತ ಜಾಗ ನೋಡಿ. ಬೆನ್ನುಹುರಿ ಹೆಂಗಸರಲ್ಲಿ ಸುಮಾರು 43 ಸೆಂಟಿಮೀಟರ್ ಉದ್ದ. ನನ್ನ ಟೇಪಿನಲ್ಲಿ 17 ಇಂಚು, ಒಂದು ರವಿಕೆಯ ಉದ್ದಕ್ಕಿಂತ ಎರಡು ಮೂರು ಇಂಚು ಜಾಸ್ತಿ. ದಪ್ಪ ಕಿರುಬೆರಳಿನಷ್ಟು. ನಡಿಗೆ, ಮೂತ್ರ, ಬಿಸಿ, ತಣ್ಣಗೆ ಎಲ್ಲದರ ಸುದ್ದಿ ಅದರಲ್ಲೇ ಓಡಾಡಬೇಕು. ಸುತ್ತ ಮೂಳೆಯ ಗೋಡೆ. ತೋಳಿನಲ್ಲಿ ಹುಣಸೆ ಬೀಜದಷ್ಟು ಗಂಟು ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಬಂದರೆ ಅದಕ್ಕೆ ಸರಿದುಕೊಳ್ಳಲು ಜಾಗವೇ ಇಲ್ಲ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಏಳು ಗಂಟೆ ಹಿಡಿಯಿತು. ಈ ಗೆಡ್ಡೆಯನ್ನು ಚೂರು ಚೂರಾಗಿ ತೆಗೆಯುವ ಹಾಗಿಲ್ಲ, ಮಧ್ಯೆ ಕತ್ತರಿಸಿದರೆ ರಕ್ತ ನಿಲ್ಲುವುದಿಲ್ಲ. ಅದಕ್ಕೆ ರಕ್ತ ತರುವ ನಾಳಗಳನ್ನು ಒಂದೊಂದಾಗಿ ಮುಚ್ಚಿ, ರಕ್ತ ಹೊರಗೆ ಒಯ್ಯುವ ನಾಳವನ್ನು ಕಡೆಗೆ ಕತ್ತರಿಸಿ, ಇಡೀ ಉಂಡೆಯನ್ನು ಬಿಡಿಸಿ ತೆಗೆಯಬೇಕಂತೆ. ಸರ್ಜನ್ ಇದನ್ನು ವಿವರಿಸುವಾಗ ನನಗೆ ರೇಷ್ಮೆ ಬಟ್ಟೆಯಿಂದ ಹಳೇ ಹೊಲಿಗೆ ಬಿಚ್ಚುವುದು ನೆನಪಾಯಿತು. ಪೂರ್ತಿ ಬಂತು. ನನಗೆ ಅವರ ಮೇಲೆ ಯಾವ ದೂರೂ ಇಲ್ಲ. ಇದ್ದ ನಷ್ಟ ಪೂರ್ತಿ ವಾಪಸ್ ಬರಲಿಕ್ಕಿಲ್ಲ ಅಂತ ಮೊದಲೇ ಹೇಳಿದ್ದರು.

ಆಮೇಲೆ ಇನ್ನೊಂದು ಭಯ. ಈ ಗೆಡ್ಡೆ ಕೆಲವರಿಗೆ ವಾನ್ ಹಿಪ್ಪೆಲ್ ಲಿಂಡೌ ಎಂಬ, ವಂಶದಲ್ಲಿ ಇಳಿದು ಬರುವ ಕಾಯಿಲೆಯಿಂದ ಆಗುತ್ತದೆ. ಅದಿದ್ದರೆ ಕಣ್ಣು, ಮೂತ್ರಪಿಂಡದಲ್ಲೂ ಗೆಡ್ಡೆ ಬರಬಹುದು, ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಕಣ್ಣು ನೋಡಿದರು, ಹೊಟ್ಟೆ ಸ್ಕ್ಯಾನ್ ಮಾಡಿದರು, ಜೀನ್ ಪರೀಕ್ಷೆಗೆ ರಕ್ತ ತೆಗೆದರು. ಆ ರಿಪೋರ್ಟ್ ಬರುವ ತನಕ ಮಗನ ಮುಖ ನೇರ ನೋಡಲು ಆಗುತ್ತಿರಲಿಲ್ಲ. ಇಲ್ಲ ಅಂತ ಬಂತು. ಸಾಕು, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಈಗ ಹೇಗಿದ್ದೇನೆ? ನಡೆಯುತ್ತೇನೆ. ನೋಡಿದವರು ‘ಆರಾಮಾಗಿದ್ದೀರಲ್ಲ’ ಅನ್ನುತ್ತಾರೆ. ಕಾಲಿಗೆ ಶಕ್ತಿ ಇದೆ, ಆದರೆ ಕಾಲು ಎಲ್ಲಿದೆ ಅಂತ ನೋಡದೆ ನನಗೆ ಗೊತ್ತಾಗುವುದಿಲ್ಲ. ಹಗಲು ಕಣ್ಣು ನೋಡಿಕೊಳ್ಳುತ್ತದೆ. ರಾತ್ರಿ ಕರೆಂಟ್ ಹೋದರೆ ಕಾಲೂ ಹೋದ ಹಾಗೆ, ನಿಂತಲ್ಲೇ ಕೂತುಬಿಡುತ್ತೇನೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ತೂರಾಡುತ್ತೇನೆ, ಅದಕ್ಕೆ ಬಚ್ಚಲಲ್ಲಿ ಸ್ಟೂಲ್ ಇದೆ.

ಮಷಿನ್ ತುಳಿಯುವುದು ದೊಡ್ಡ ಸಮಸ್ಯೆ ಆಯಿತು. ಪಾದ ಪೆಡಲ್ ಮೇಲಿದೆಯೋ ಪಕ್ಕದಲ್ಲಿದೆಯೋ ತಿಳಿಯದು. ಬಗ್ಗಿ ನೋಡಿದರೆ ಹೊಲಿಗೆ ಓರೆ. ಎಷ್ಟೋ ದಿನ ಒದ್ದಾಡಿ ಕಡೆಗೆ ಮಗನ ಶೇವಿಂಗ್ ಕನ್ನಡಿಯನ್ನು ಕೆಳಗೆ ಒಂದು ಇಟ್ಟಿಗೆಗೆ ಒರಗಿಸಿ ಇಟ್ಟೆ. ಈಗ ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ನನ್ನದೇ ಪಾದದ ಮೇಲೆ. ಅಳತೆ ಕೊಡಲು ಬಂದವರು ‘ಕೆಳಗ್ಯಾಕೆ ಕನ್ನಡಿ?’ ಅಂತಾರೆ. ಸೂಜಿ ಬಿದ್ದರೆ ಹುಡುಕಲು ಅಂತೀನಿ.

ಇನ್ನು ಮೂತ್ರ. ಪೂರ್ತಿ ಖಾಲಿ ಆಗುವುದಿಲ್ಲ. ದಿನಕ್ಕೆ ನಾಲ್ಕು ಸಲ ನಾನೇ ಸಣ್ಣ ನಳಿಕೆ ಹಾಕಿ ತೆಗೆಯಬೇಕು. ಬರೆಯಲು ಮುಜುಗರ, ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ಮಾಡುವವರು ಊರೂರಲ್ಲಿ ಇದ್ದಾರೆ, ಯಾರೂ ಹೇಳುವುದಿಲ್ಲ. ಅಮೆರಿಕದ ಲ್ಯಾಪಿಡ್ಸ್ ಎಂಬ ಡಾಕ್ಟರು 1972ರಲ್ಲಿ ಇದಕ್ಕೆ ಆಪರೇಷನ್ ಥಿಯೇಟರಿನ ಮಡಿ ಬೇಡ, ಕೈ ತೊಳೆದು ಶುಚಿಯಾಗಿ ಮಾಡಿದರೆ ಸಾಕು ಅಂತ ತೋರಿಸಿದರಂತೆ. ಪುಣ್ಯಾತ್ಮ. ಆದರೆ ನಮ್ಮ ಬಸ್ ಸ್ಟ್ಯಾಂಡ್ ಶೌಚಾಲಯಗಳಲ್ಲಿ ಕೈ ತೊಳೆಯುವ ಮಾತಿರಲಿ, ಚೀಲ ತೂಗುಹಾಕಲು ಒಂದು ಮೊಳೆ ಇಲ್ಲ. ಕೈ ಎರಡೂ ಬೇಕು, ನೆಲ ಒದ್ದೆ. ನಾನು ಚೀಲದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತೇನೆ.

ಇಷ್ಟೆಲ್ಲ ಆದಮೇಲೆ ಅಂಗವಿಕಲರ ಕಾರ್ಡಿಗೆ ಅರ್ಜಿ ಹಾಕಿದೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿಸಿದ್ದಾರೆ, ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮುಖ್ಯ ಸೌಲಭ್ಯಗಳು ಸಿಗುತ್ತವೆ. ಕಾಗದ ತೆಗೆದುಕೊಳ್ಳುವ ಕಿಟಕಿಯಲ್ಲಿದ್ದವರು ನನ್ನ ಡಿಸ್ಚಾರ್ಜ್ ಸಮ್ಮರಿ ನೋಡಿದರು. ಅದರಲ್ಲಿ ಗೆಡ್ಡೆಗೆ ‘ಬಿನೈನ್’ ಎಂಬ ಇಂಗ್ಲಿಷ್ ಪದವಿತ್ತು. ಮೊಬೈಲಿನಲ್ಲಿ ಕನ್ನಡ ಅರ್ಥ ತೆಗೆದರು. ತೆಗೆದು ನನಗೇ ತೋರಿಸಿದರು. ನಿರಪಾಯಕಾರಿ. ‘ಅಪಾಯ ಇಲ್ಲ ಅಂತಿದೆಯಲ್ಲಮ್ಮ, ಗೆಡ್ಡೇನೂ ತೆಗೆದಿದ್ದಾರೆ, ಮತ್ತೆ ಯಾಕೆ ಬಂದಿರಿ?’ ಅವರು ಕೆಟ್ಟವರಲ್ಲ, ಓದಿದ್ದನ್ನು ಹೇಳಿದರು. ನಾನು ಸುಮ್ನೆ ವಾಪಸ್ ಬಂದೆ. ಎರಡನೇ ಸಲ ಹೋದಾಗ ಡಾಕ್ಟರು ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡಿ ಬರೆದುಕೊಟ್ಟರು.

ಮನೆಯಲ್ಲೂ ಇದೇ ಪದದ ಕಾಟ. ರಾತ್ರಿ ಕಾಲು ತಾನಾಗಿ ಝಾಡಿಸಿ ಎಚ್ಚರವಾಗಿ ನರಳಿದರೆ ಅತ್ತೆ ಅನ್ನುತ್ತಾರೆ, ‘ಪುಣ್ಯ ಕಣಮ್ಮ, ಕ್ಯಾನ್ಸರ್ ಅಲ್ವಲ್ಲ.’ ಪುಣ್ಯ ಹೌದು. ಆದರೆ ಆ ಮಾತು ಕೇಳಿದ ಮೇಲೆ ನೋವು ಅಂತ ಬಾಯಿ ಬಿಡುವುದಕ್ಕೆ ನಾಚಿಕೆ ಆಗುತ್ತದೆ.

ಮಗ ಹುಡುಕಿ ಓದಿ ಹೇಳಿದ ಒಂದು ವಿಷಯ. 1887ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್ಲಿ ಎಂಬ ಸರ್ಜನ್ ಬೆನ್ನುಹುರಿಯನ್ನು ಒತ್ತುತ್ತಿದ್ದ ಗೆಡ್ಡೆಯೊಂದನ್ನು ತೆಗೆದರು. ಅದು ಎಲ್ಲಿರಬಹುದು ಅಂತ ಕಾಯಿಲೆಯ ಲಕ್ಷಣ ನೋಡಿಯೇ ಹೇಳಿದವರು ಗವರ್ಸ್ ಎಂಬ ಡಾಕ್ಟರು. ಎಕ್ಸ್‌ರೇ ಕೂಡ ಇಲ್ಲದ ಕಾಲ. ರೋಗಿ ಸೈನ್ಯದ ಒಬ್ಬ ಕ್ಯಾಪ್ಟನ್. ಅವರದೂ ಕ್ಯಾನ್ಸರ್ ಅಲ್ಲ. ಆದರೂ ವರ್ಷಗಟ್ಟಲೆ ನೋವು ತಿಂದು, ಎರಡು ಕಾಲೂ ಬಿದ್ದುಹೋಗಿದ್ದವು. ಆಮೇಲೆ ಎದ್ದು ನಡೆದರಂತೆ. ಕೇಳಿ ನನಗೆ ಬೈಕಿನ ಕೀ ನೆನಪಾಯಿತು.

ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ಆ ಪದದ ಬದಲು ‘ಕ್ಯಾನ್ಸರ್ ಅಲ್ಲದ’ ಗೆಡ್ಡೆ ಅಂತ ಅಚ್ಚು ಹಾಕಿ. ಅಪಾಯ ಇದೆಯೋ ಇಲ್ಲವೋ ಅನ್ನುವುದು ಅದು ಎಲ್ಲಿ ಕೂತಿದೆ ಅನ್ನುವುದರ ಮೇಲೆ. ನಿಮಗೆ ಅಂಕಣದ ಅಳತೆಯ ಕಷ್ಟ ಇರುತ್ತದೆ ಅಂತ ಗೊತ್ತು, ಅಳತೆಯವಳೇ ನಾನು. ಎಣಿಸಿ ನೋಡಿದೆ. ‘ನಿರಪಾಯಕಾರಿ’ಗೆ ಆರು ಅಕ್ಷರ. ‘ಕ್ಯಾನ್ಸರ್ ಅಲ್ಲದ’ ಅಂದರೂ ಆರೇ.

ಹೆಸರು ಹಾಕಬೇಡಿ. ಗಿರಾಕಿಗಳಿಗೆ ಕನ್ನಡಿಯ ವಿಷಯ ಇನ್ನೂ ಗೊತ್ತಿಲ್ಲ.

ಇಂತಿ,
ಒಬ್ಬ ಓದುಗಿ, ತರೀಕೆರೆ