ಬಸುರಿಗೆ ಬಂದ ಫ್ಲೂ ಬರೀ ಶೀತಜ್ವರವಲ್ಲ

ಮಾನ್ಯರೇ,

ಮಳೆ ಹಿಡಿದರೆ ಸಾಕು, ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮನೆಮನೆಯಲ್ಲೂ ಕೆಮ್ಮು, ಜ್ವರ. ಕಳೆದ ಆಟಿ ತಿಂಗಳ ಮಳೆಯಲ್ಲಿ ಏಳು ತಿಂಗಳ ಬಸುರಿಯಾಗಿದ್ದ ನನ್ನ ತಂಗಿಗೂ ಬಂತು. ಮೂರನೇ ದಿನಕ್ಕೆ ಮೆಟ್ಟಿಲು ಹತ್ತಲಾಗದಷ್ಟು ಏದುಸಿರು. "ಬಸುರಿಯರಿಗೆ ಅದೆಲ್ಲ ಇದ್ದದ್ದೇ" ಎಂದು ಮನೆಯವರು ನಾವೇ ಹೇಳಿದೆವು. ತೋರಿಸಿದ ಕ್ಲಿನಿಕ್ಕಿನಲ್ಲೂ ಅದೇ ಮಾತು, ಪ್ಯಾರಸಿಟಮಾಲ್ ಕೊಟ್ಟು ಕಳಿಸಿದರು. ಮರುದಿನ ರಾತ್ರಿ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಓಡಬೇಕಾಯಿತು. ಐದು ದಿನ ಆಕ್ಸಿಜನ್ ಬೇಕಾಯಿತು. ತಾಯಿ, ಮಗು ಉಳಿದರು. ಆದರೆ ಆ ರಾತ್ರಿಯ ಭಯ ನನಗೆ ಇನ್ನೂ ಹೋಗಿಲ್ಲ.

ಆಮೇಲೆ ಅಲ್ಲಿನ ಡಾಕ್ಟರಮ್ಮ ಕೂರಿಸಿ ವಿವರಿಸಿದರು. ಬಸುರಿನಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಹಲವು ಪಟ್ಟು ಏರುತ್ತವೆ. ಹೊಟ್ಟೆಯ ಮಗುವನ್ನು ಮೈ ಹೊರಗಿನದೆಂದು ದೂಡಬಾರದಲ್ವಾ? ಅದಕ್ಕಾಗಿ ರೋಗ ತಡೆಯುವ ಶಕ್ತಿಯೇ ತನ್ನ ರೀತಿ ಬದಲಿಸಿಕೊಳ್ಳುತ್ತದೆ. ಅದರಲ್ಲಿ ಈ ಹಾರ್ಮೋನುಗಳ ಪಾಲು ದೊಡ್ಡದು. ಇತ್ತ ಬೆಳೆದ ಗರ್ಭಕೋಶ ವಪೆಯನ್ನು (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವನ್ನು) ಮೇಲಕ್ಕೆ ಒತ್ತಿ ಶ್ವಾಸಕೋಶಕ್ಕೆ ಜಾಗ ಕಮ್ಮಿ ಮಾಡಿರುತ್ತದೆ. ಹೀಗಾಗಿ ಬಸುರಿಯರಿಗೆ ಫ್ಲೂ ಬಂದರೆ ಜೋರಾಗುವ ಅಪಾಯ ಜಾಸ್ತಿ. 2009ರ ಎಚ್1ಎನ್1 (ಹಂದಿ ಜ್ವರ ಎನ್ನುವ ಫ್ಲೂ) ಹಾವಳಿಯಲ್ಲಿ ಅಮೆರಿಕದ ಲೆಕ್ಕ ನೋಡಿ. ಅಲ್ಲಿನ ಜನರಲ್ಲಿ ಬಸುರಿಯರು ಸುಮಾರು 1 ಶೇಕಡಾ, ಸತ್ತವರಲ್ಲಿ ಸುಮಾರು 5 ಶೇಕಡಾ.

ಹಾರ್ಮೋನಿನ ಮಾತು ಬಂತಲ್ಲ, ಗಂಡಸರ ಬಗ್ಗೆಯೂ ಒಂದು ಮಾತು. ಕೊರೊನಾದಲ್ಲಿ ಐಸಿಯು ಸೇರಿದವರು, ಸತ್ತವರು ಗಂಡಸರೇ ಜಾಸ್ತಿ. ಆ ವೈರಸ್ ಜೀವಕೋಶದೊಳಗೆ ನುಗ್ಗಲು ಬಳಸುವ ಒಂದು ಕಿಣ್ವಕ್ಕೂ ಗಂಡು ಹಾರ್ಮೋನಿಗೂ ನಂಟಿದೆ ಎಂದು ತಿಳಿದಿದ್ದರಿಂದ, ಆ ಹಾರ್ಮೋನು ತಗ್ಗಿಸುವ ಮದ್ದನ್ನೇ ಅಮೆರಿಕದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಉಪಯೋಗವಾಗಲಿಲ್ಲ. ಹಾಗಾಗಿ ಯಾರೂ ಸುಮ್ನೆ ಹಾರ್ಮೋನ್ ಮಾತ್ರೆಯ ಹಿಂದೆ ಹೋಗಬೇಡಿ. ಬೀಡಿ, ಸಕ್ಕರೆ ಕಾಯಿಲೆ, ಆಸ್ಪತ್ರೆಗೆ ಹೋಗದೆ ಕಾಲ ತಳ್ಳುವುದು, ಇವೂ ಗಂಡಸರ ಪಾಲಿಗೆ ಕೆಟ್ಟದ್ದೇ.

ನಾನು ಪತ್ರ ಬರೆದದ್ದು ಮುಖ್ಯವಾಗಿ ಬಸುರಿಯರಿಗಾಗಿ. ಬಸುರಿಗೆ ಧನುರ್ವಾಯುವಿನ ಚುಚ್ಚುಮದ್ದು ಬೇಕು ಅನ್ನುವುದು ನಮ್ಮ ಅಜ್ಜಿಯರಿಗೂ ಗೊತ್ತು. ಫ್ಲೂ ಲಸಿಕೆ ಇದೆ, ಬಸುರಿನ ಯಾವ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಬಸುರಿಯರಿಗೆ ಮೊದಲ ಆದ್ಯತೆ ಕೊಡಿ ಎಂದಿದೆ. ಆರು ತಿಂಗಳು ತುಂಬದ ಮಗುವಿಗೆ ಈ ಲಸಿಕೆ ಹಾಕುವಂತಿಲ್ಲ. ಅಮ್ಮ ಹಾಕಿಸಿಕೊಂಡರೆ ಮಗುವಿಗೂ ರಕ್ಷೆ. ಜ್ವರ ಬಂದೇ ಬಿಟ್ಟರೆ, ಫ್ಲೂ ಮದ್ದನ್ನು ಎರಡು ದಿನದೊಳಗೆ ಶುರುಮಾಡಿದಷ್ಟು ಒಳ್ಳೆಯದು. ನನ್ನ ತಂಗಿಗೆ ಆ ಎರಡು ದಿನ ಕೈತಪ್ಪಿತು.

ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಬಸುರಿಯರ ತಪಾಸಣೆಯ ದಿನ ಈ ಮಾತನ್ನು ಕನ್ನಡದಲ್ಲೂ ಹೇಳಿ, ಕನ್ನಡದಲ್ಲೂ ಅಚ್ಚು ಹಾಕಿಸಿ ಕೊಡಿ. ನಮ್ಮ ಅತ್ತೆಯಂದಿರಿಗೆ ಮಲಯಾಳದ ಚೀಟಿ ಓದಲು ಬರುವುದಿಲ್ಲ, ಆದರೆ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂದು ಮನೆಯಲ್ಲಿ ತೀರ್ಮಾನಿಸುವವರು ಅವರೇ. ಮಳೆಗಾಲಕ್ಕೆ ಮೊದಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಈ ಲಸಿಕೆ ಬಿಟ್ಟಿಯಾಗಿ ಸಿಗುವಂತೆ ಮಾಡಿ.

— ಓದುಗಳೊಬ್ಬಳು, ಪೆರ್ಲ, ಕಾಸರಗೋಡು