ಕುಂಬು ಹಿಡಿದ ತೊಲೆಗೆ ಬಣ್ಣ ಬಳಿಸಬೇಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಕಲಬುರಗಿ ಜಿಲ್ಲೆಯ ತಮ್ಮ ಕ್ಷೇತ್ರದಲ್ಲಿ ನಿಜಾಮರ ಕಾಲದ, ತೊಲೆ-ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆ ಕಟ್ಟಡಗಳಲ್ಲಿ ಇವತ್ತಿಗೂ ಶಾಲೆಗಳು, ಕಚೇರಿಗಳು ನಡೆಯುತ್ತಿವೆ. ಆಗಸ್ಟ್ 15 ಮತ್ತು ಕಲ್ಯಾಣ ಕರ್ನಾಟಕ ಉತ್ಸವದ ದಿನವಾದ ಸೆಪ್ಟೆಂಬರ್ 17ರ ಧ್ವಜಾರೋಹಣ ಹತ್ತಿರ ಬಂತೆಂದರೆ ಅವುಗಳ ತೊಲೆ, ಜಂತಿ, ಚೌಕಟ್ಟುಗಳಿಗೆಲ್ಲ ಆಯಿಲ್ ಪೇಂಟ್ ಬೀಳುತ್ತದೆ. ಇಡೀ ವರ್ಷದಲ್ಲಿ ಕಟ್ಟಿಗೆ ಅತಿ ಹೆಚ್ಚು ನೀರು ಕುಡಿದಿರುವುದು ಈ ಎರಡು ತಿಂಗಳಲ್ಲಿ. ಆ ನೀರು ಹೊರಗೆ ಬರದಂತೆ ಅದೇ ಹೊತ್ತಿಗೆ ಮುಚ್ಚಳ ಹಾಕುತ್ತಿದ್ದಾರೆ. ಇದು ನಿಲ್ಲಬೇಕು. ತೊಲೆ ಪರೀಕ್ಷೆಯಾಗದೆ ಬಣ್ಣ ಬಳಿಯಬಾರದು. ಇದನ್ನೇ ಅರ್ಜಿಗಳಲ್ಲಿ ಬರೆದು ಬರೆದು ಸಾಕಾಗಿದೆ, ಅದಕ್ಕೇ ಈಗ ಎಲ್ಲರ ಎದುರು ಬರೆಯುತ್ತಿದ್ದೇನೆ.

ತೊಲೆ ಕಳಚಿಬಿದ್ದ ಆ ಶಾಲೆಯ ಹೆಸರು ಇಲ್ಲಿ ಬೇಡ, ಯಾವುದೆಂದು ತಮಗೆ ತಿಳಿದಿದೆ. ಅದರ ನಡುಕೋಣೆಯ ಸಾಗವಾನಿ ತೊಲೆ ಗೋಡೆಯೊಳಗೆ ಕೂತಿರುವ ತುದಿಯಲ್ಲಿ ಕುಂಬಾಗಿತ್ತು, ಅಂದರೆ ಕೊಳೆತು ಮೆತ್ತಗಾಗಿತ್ತು. ದುರಸ್ತಿಗೆ ಬಂದವರು ಮೆತ್ತಗಾದದ್ದನ್ನು ಉಳಿಯಿಂದ ಕೆರೆದರು, ಗುಳಿಗೆ ಸಿಮೆಂಟು ಗಾರೆ ಮೆತ್ತಿದರು, ನಯ ಮಾಡಿ ಮೇಲೆ ಹಸಿರು ಎನಾಮೆಲ್ ಬಳಿದರು. ಬಿಲ್ಲು ಪಾಸಾಯಿತು. ಮುಂದಿನ ಮಳೆಗಾಲದಲ್ಲಿ ಒಂದು ರಾತ್ರಿ ತೊಲೆ ಗೋಡೆಯಿಂದ ಕಳಚಿ, ಜಂತಿ, ಹಲಗೆ, ಮಣ್ಣು ಎಲ್ಲ ಬೆಂಚುಗಳ ಮೇಲೆ ಬಿತ್ತು. ಬಿದ್ದ ತುದಿಯಲ್ಲಿ ಸಿಮೆಂಟಿನ ಮುದ್ದೆ ಇಡಿಯಾಗಿ ಉಳಿದಿತ್ತು, ಸುತ್ತಲಿನ ಕಟ್ಟಿಗೆ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿತ್ತು. ಸಿಮೆಂಟು ಭಾರ ಹೊರಲಿಲ್ಲ, ನೀರನ್ನು ಮಾತ್ರ ಹಿಡಿದಿಟ್ಟುಕೊಂಡಿತು. ಶಾಲೆ ನಡೆಯುವ ಹೊತ್ತಿನಲ್ಲಿ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಬರೆಯಲು ಕೈ ಬರುತ್ತಿಲ್ಲ. ಮಕ್ಕಳು ಈಗ ಪಡಸಾಲೆಯಲ್ಲಿ ಕೂತು ಓದುತ್ತಿದ್ದಾರೆ, ಇರಚಲು ಹೊಡೆದರೆ ಪುಸ್ತಕ ಎತ್ತಿಕೊಂಡು ಏಳುತ್ತಾರೆ.

ವರದಿಯಲ್ಲಿ ಬರೆದದ್ದು ಇಷ್ಟೇ: ಹಳೆಯ ಕಟ್ಟಿಗೆ, ಗೆದ್ದಲು. ಸ್ವಾಮಿ, ಗೆದ್ದಲು ತಿಂದಿದ್ದರೆ ಒಳಗೆ ಎಳೆಯುದ್ದಕ್ಕೂ ಮಣ್ಣು ಮೆತ್ತಿದ ದಾರಿಗಳಿರುತ್ತವೆ, ಗೋಡೆಯ ಮೇಲೆ ಮಣ್ಣಿನ ಕೊಳವೆ ಏರಿರುತ್ತದೆ. ಕೊರೆಹುಳುವಾಗಿದ್ದರೆ ಒಂದರಿಂದ ಮೂರು ಮಿಲಿಮೀಟರಿನ ದುಂಡು ತೂತುಗಳು, ಕೆಳಗೆ ಹಿಟ್ಟಿನಂಥ ಪುಡಿ. ಇಲ್ಲಿ ಎರಡೂ ಇರಲಿಲ್ಲ. ಕಟ್ಟಿಗೆ ಕಂದು ಬಣ್ಣಕ್ಕೆ ತಿರುಗಿ, ಬೇಸಿಗೆಯ ಎರೆ ಹೊಲದಂತೆ ಅಡ್ಡಕ್ಕೂ ಉದ್ದಕ್ಕೂ ಬಿರುಕು ಬಿಟ್ಟು ಚೌಕ ಚೌಕ ತುಂಡಾಗಿತ್ತು. ಅದು ಶಿಲೀಂಧ್ರದ ಕಂದು ಕುಂಬು. ಇನ್ನೊಂದು ಬಗೆಯದು ಬಿಳಿ ಕುಂಬು, ಅದರಲ್ಲಿ ಕಟ್ಟಿಗೆ ಬಿಳಚಿಕೊಂಡು ನಾರುನಾರಾಗಿ ಸ್ಪಂಜಿನಂತೆ ಮೆತ್ತಗಾಗುತ್ತದೆ. ಗೆದ್ದಲೆಂದು ಬರೆದರೆ ಔಷಧಿ ಸಿಂಪಡಿಸಿ ಕೈ ತೊಳೆದುಕೊಳ್ಳಬಹುದು. ಕುಂಬೆಂದು ಬರೆದರೆ ನೀರು ಎಲ್ಲಿಂದ ಬಂತೆಂದು ಹುಡುಕಬೇಕಾಗುತ್ತದೆ.

ಹುಡುಕಬೇಕಾದದ್ದೂ ಅದನ್ನೇ. ತೇವ ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಕಟ್ಟಿಗೆ ಕುಂಬಾಗುವುದಿಲ್ಲ, 28-30 ದಾಟಿ ಹಾಗೇ ಉಳಿದರೆ ಶಿಲೀಂಧ್ರಕ್ಕೆ ಹಬ್ಬ. ಚಳಿದೇಶಗಳಲ್ಲಿ ಗೋಡೆಯೊಳಗೂ ಹಬ್ಬಿಕೊಂಡು ಹೋಗುವ ‘ಡ್ರೈ ರಾಟ್’ ನಮ್ಮ ಬಿಸಿಲಿಗೆ ಬಾಳುವಂಥದ್ದಲ್ಲ. ಹಾಗಾಗಿ ನಮ್ಮಲ್ಲಿ ಕೆಲಸ ಸುಲಭವೇ ಆಗಬೇಕಿತ್ತು: ನೀರು ಬರುವುದು ನಿಂತರೆ ಕುಂಬು ನಿಲ್ಲುತ್ತದೆ. ಸಾಯುವುದಿಲ್ಲ, ಮತ್ತೆ ನೀರು ಸಿಕ್ಕರೆ ಮತ್ತೆ ಶುರು. ಮಾಳಿಗೆಯ ನೀರು ಹೊರಹೋಗುವ ದೋಣಿಯಲ್ಲಿ ಕಸ ಕಟ್ಟಿರುತ್ತದೆ, ಗೋಡೆಯಂಚಿನಲ್ಲಿ ಅರಳಿ ಗಿಡ ಬೇರು ಬಿಟ್ಟಿರುತ್ತದೆ, ನೀರು ನೇರ ತೊಲೆಯ ತುದಿಗೇ ಇಳಿಯುತ್ತದೆ. ಸೋರಿದಾಗಲೆಲ್ಲ ಮೇಲೆ ಮಣ್ಣು ಸುರಿಯುತ್ತಾರೆ. ಒಂದಡಿ ದಪ್ಪದ ಹಸಿ ಮಣ್ಣೆಂದರೆ ಚದರ ಮೀಟರಿಗೆ ಸುಮಾರು ಅರ್ಧ ಟನ್ ಭಾರ, ಕುಂಬಾದ ತೊಲೆಯ ಮೇಲೆ. ಶಹಾಬಾದ್ ಕಲ್ಲಿಗೆ ಸುಣ್ಣದ ಗಾರೆ ಹಾಕಿ ಕಟ್ಟಿದ ಗೋಡೆ ತನ್ನಷ್ಟಕ್ಕೆ ಒಣಗುತ್ತಿತ್ತು, ಅದಕ್ಕೂ ಸಿಮೆಂಟು ಗಿಲಾವು ಮಾಡಿ ಒಣಗುವ ದಾರಿ ಮುಚ್ಚಿದ್ದಾರೆ.

ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ತೊಲೆ ಖಣ್ಣೆನ್ನುತ್ತದೆ, ಕುಂಬಾದದ್ದು ದೊಪ್ಪೆನ್ನುತ್ತದೆ. ದಬ್ಬಳದ ಮೊನೆ ಚುಚ್ಚಿ ಮೀಟಿದರೆ ಒಳ್ಳೆಯ ಕಟ್ಟಿಗೆಯಿಂದ ಉದ್ದನೆಯ ಸಿಬಿರು ಏಳುತ್ತದೆ, ಕುಂಬಾದದ್ದು ಸದ್ದಿಲ್ಲದೆ ಮೊನೆಯ ಮೇಲೇ ತುಂಡಾಗುತ್ತದೆ. ಗೋಡೆಯೊಳಗಿನ ತುದಿ ಕಣ್ಣಿಗೆ ಕಾಣದು, ಅಲ್ಲಿಗೆ ಆರು ಮಿಲಿಮೀಟರಿನ ಡ್ರಿಲ್ ಬಿಟ್ಟನ್ನು ಓರೆಯಾಗಿ ಇಳಿಸಬೇಕು. ಡ್ರಿಲ್ ಒಮ್ಮೆಲೇ ಒಳಗೆ ಜಾರಿ, ಕಪ್ಪನೆಯ ಒದ್ದೆ ಪುಡಿ ಬಂದರೆ ತೀರ್ಮಾನವಾದಂತೆ. ತೇವ ಅಳೆಯುವ ಮೀಟರಿಗೆ ಕೆಲವು ಸಾವಿರ ರೂಪಾಯಿ ಸಾಕು. ಚೌಕಟ್ಟಿನ ಬುಡ, ಕಿಟಕಿಯ ಕೆಳಪಟ್ಟಿ, ತೊಲೆಯ ಎರಡೂ ತುದಿಗಳಲ್ಲಿ ಓದಿದ ಅಂಕಿ ಅಳತೆ ಪುಸ್ತಕದಲ್ಲಿ ಬರಬೇಕು. ಅಳತೆ ಪುಸ್ತಕದಲ್ಲಿ ಇಲ್ಲದ ಕೆಲಸಕ್ಕೆ ಬಿಲ್ಲಿಲ್ಲ ಎಂಬುದು ತಮಗೆ ನಾನು ಹೇಳಬೇಕಾದ ಮಾತಲ್ಲ. ಇಷ್ಟು ಪರೀಕ್ಷೆಯಾಗದೆ ಬಣ್ಣ ಬಳಿಯಬಾರದು.

ಇನ್ನು ದುರಸ್ತಿ. ಮೊದಲು ಮಾಳಿಗೆಯ ಸೋರಿಕೆ ನಿಲ್ಲಬೇಕು, ಆಮೇಲೆ ಉಳಿದದ್ದು. ತೊಲೆಗೆ ಕೈ ಹಚ್ಚುವ ಮುನ್ನ ಗೋಡೆಯಿಂದ ಎರಡು-ಮೂರು ಅಡಿ ಈಚೆ ಭಾರ ಹೊರಲು ಕಬ್ಬಿಣದ ಜಾಕ್ ಕೊಟ್ಟು, ಕೆಳಗಿನ ಫರಸಿ ಒಡೆಯದಂತೆ ದಪ್ಪ ಹಲಗೆ ಹಾಕಬೇಕು. ಕುಂಬು ಕಣ್ಣಿಗೆ ಕಾಣುವ ಕಡೆಯಿಂದ ಇನ್ನೂ ಒಂದಡಿ ಗಟ್ಟಿ ಕಟ್ಟಿಗೆಯವರೆಗೆ ಕತ್ತರಿಸಬೇಕು. ಜೋಡಿಸುವ ತುಂಡು ಸಾಗವಾನಿಯ ಚೇಗೇ, ಅಂದರೆ ಒಳಗಿನ ಗಟ್ಟಿ ತಿರುಳೇ ಆಗಿರಬೇಕು, ತೇವ ಶೇಕಡಾ 15ರೊಳಗಿರಬೇಕು. ಸಾಗವಾನಿ ಎಂದು ಬಿಲ್ಲು ಹಾಕಿ ಹೊರಗಿನ ಬಿಳಿ ಭಾಗ ಹಚ್ಚಿದರೆ ಅದು ಬೇಗ ಕುಂಬಾಗುತ್ತದೆ. ಎರಡೂ ಪಕ್ಕಕ್ಕೆ ಉಕ್ಕಿನ ಪ್ಲೇಟು, ನಡುವೆ ಬೋಲ್ಟು. ಪ್ಲೇಟಿನ ದಪ್ಪ, ಬೋಲ್ಟಿನ ಸಂಖ್ಯೆಯನ್ನು ಎಂಜಿನಿಯರ್ ಭಾರ ನೋಡಿ ಲೆಕ್ಕ ಹಾಕಬೇಕು, ಗುತ್ತಿಗೆದಾರನ ಅಂದಾಜಿಗೆ ಬಿಡಬಾರದು.

ಕತ್ತರಿಸಿದ ಮುಖಕ್ಕೆ, ಬೋಲ್ಟಿನ ತೂತುಗಳ ಒಳಗೆ ಬೋರಾನ್ ದ್ರಾವಣ: ಒಂದು ಲೀಟರ್ ಬಿಸಿನೀರಿಗೆ 40 ಗ್ರಾಂ ಬೋರಿಕ್ ಆಮ್ಲ, 60 ಗ್ರಾಂ ಬಿಳಿಗಾರ. ಮೂರು ಸಲ ಧಾರಾಳವಾಗಿ ಹಚ್ಚಬೇಕು. ಇದು ಮಳೆನೀರಿಗೆ ತೊಳೆದುಹೋಗುತ್ತದೆ, ಹೊರಗಿನ ಕಿಟಕಿಗಳಿಗೆ ಹಚ್ಚಿದರೆ ಒಣಗಿದ ಮೇಲೆ ಬಣ್ಣ ಬೇಕೇ ಬೇಕು. ಬಣ್ಣ ಬೇಡವೆನ್ನುತ್ತಿಲ್ಲ, ಒಣಗಿದ ಕಟ್ಟಿಗೆಗೆ ಬಳಿಯಿರಿ ಎನ್ನುತ್ತಿದ್ದೇನೆ. ಗ್ಯಾರೇಜಿನ ಸುಟ್ಟ ಎಣ್ಣೆ ಬಳಿಯುವ ಚಾಳಿ ಮಾತ್ರ ಬಿಡಿಸಿ, ಅದು ಒಳಗೆ ಇಳಿಯುವುದೂ ಇಲ್ಲ, ಶಾಲೆಯಲ್ಲಿ ಬೆಂಕಿಗೆ ದಾರಿ ಬೇರೆ.

ತುದಿಯನ್ನು ಗೋಡೆಗೆ ಕೂರಿಸುವಾಗ ಕೆಳಗೆ ಫರಸಿ ಕಲ್ಲು, ಅದರ ಮೇಲೆ ಡಾಂಬರು ಹಾಳೆ, ಮೇಲೆ, ಪಕ್ಕ, ಹಿಂದೆ ಒಂದಿಂಚು ಗಾಳಿ ಆಡುವ ಜಾಗ. ಸಿಮೆಂಟು ತುರುಕಲೇಬಾರದು. ಆ ಶಾಲೆಯ ತೊಲೆಯನ್ನು ಕೊಂದದ್ದು ಈ ಒಂದಿಂಚು ಇಲ್ಲದ್ದೇ.

ಹಳೆಯ ಬಣ್ಣ ಕೆರೆಯುವಾಗಲೂ ಎಚ್ಚರ ಬೇಕು. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಪದರಗಳಲ್ಲಿ ಎಷ್ಟಿದೆಯೋ ಯಾರೂ ಅಳೆದಿಲ್ಲ. ನೀರು ಹಚ್ಚಿ ಕೆರೆಯಲಿ, ಮಕ್ಕಳು ರಜೆಯಲ್ಲಿರುವಾಗ ಕೆರೆಯಲಿ.

ತಾವು ಮಾಡಿಸಬೇಕಾದದ್ದು ಇಷ್ಟು. ಕ್ಷೇತ್ರದ ಪ್ರತಿ ಮಾಳಿಗೆ ಶಾಲೆಯ ತೊಲೆ ತುದಿಗಳ ಪರೀಕ್ಷೆ ಮಳೆ ನಿಂತ ಕೂಡಲೇ, ಅಕ್ಟೋಬರ್-ನವೆಂಬರಿನಲ್ಲಿ, ತೇವ ಇನ್ನೂ ಕಾಣುವಾಗಲೇ ಆಗಬೇಕು. ದುರಸ್ತಿ ಏಪ್ರಿಲ್-ಮೇ ರಜೆಯಲ್ಲಿ ನಡೆಯಲಿ, ಬಣ್ಣವೂ ಅದೇ ಬಿಸಿಲಿನಲ್ಲಿ, ಮೀಟರ್ 15ರ ಕೆಳಗೆ ತೋರಿಸಿದ ಮೇಲೆ. ಧ್ವಜಾರೋಹಣಕ್ಕೆ ಗೋಡೆಗೆ ಸುಣ್ಣ ಬಳಿದರೂ ಶಾಲೆ ಚೆಂದವೇ ಕಾಣುತ್ತದೆ. ಸಂವಿಧಾನದ 371(ಜೆ) ವಿಧಿಯ ಹೆಸರಿನಲ್ಲಿ ಈ ಭಾಗಕ್ಕೆ ಬರುವ ಅನುದಾನದಲ್ಲಿ ಇದಕ್ಕೊಂದು ಬಾಬ್ತು ಹಾಕಿಸಿ.

ಅದೇ ಶಾಲೆಯ ಪಕ್ಕದ ಕೋಣೆಯಲ್ಲೂ ಹಸಿರು ಎನಾಮೆಲ್ ಬಳಿದ ತೊಲೆಯಿದೆ, ಅದರ ಕೆಳಗೆ ಈಗಲೂ ಪಾಠ ನಡೆಯುತ್ತಿದೆ. ಆ ಕೋಣೆಗೆ ಈ ವಾರವೇ ಬೀಗ ಹಾಕಿಸಿ, ತೊಲೆಗೆ ಜಾಕ್ ಕೊಡಿಸಿ. ಪರೀಕ್ಷೆಯಾಗದೆ ಬೀಗ ತೆಗೆಯಬಾರದು, ಬಣ್ಣವನ್ನೂ ಬಳಿಯಬಾರದು.

ಇತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ